ಒಡ್ಡಿನ ಸಿದ್ಧಾಂತ ಹುಟ್ಟಿದ ಬಗೆ

ಜೀವನಚರಿತ್ರೆ ಬರೆಯುವವನು ಕಥಾನಾಯಕನಿಗೆ ಹೆದರಬೇಕಿಲ್ಲ, ಅವನ ಹೆಂಡತಿಗೆ ಹೆದರಬೇಕು. ಈ ಸತ್ಯ ನನಗೆ ಹೊಳೆದದ್ದು ಪುಸ್ತಕ ಮುಕ್ಕಾಲು ಮುಗಿದ ಮೇಲೆ.

ನಾನು ಯಲಬುರ್ಗಾದಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಬರೆಯಲು ಹೊರಟದ್ದು ಕುಷ್ಟಗಿಯ ದಿವಂಗತ ದೊಡ್ಡಬಸಪ್ಪ ಮಾಸ್ತರರ ಬಗ್ಗೆ. ಹಳೆಯದನ್ನು ಅವಸರದಲ್ಲಿ ಕೆಡವಬಾರದು ಎಂದು ಬದುಕಿಡೀ ಬರೆದ ಸಂಪ್ರದಾಯವಾದಿ ಚಿಂತಕರು ಅವರು. ಅವರ ಮಾತು ಎರವಲು ಪಡೆಯದೆ ಭಾಷಣ ಮುಗಿಸಿದ ಮಂತ್ರಿಯನ್ನು ನಮ್ಮ ಕಡೆ ನಾನಂತೂ ಕಂಡಿಲ್ಲ. ಅದರಲ್ಲೂ ಅವರ ಒಡ್ಡಿನ ಸಿದ್ಧಾಂತ ಬಲು ಪ್ರಸಿದ್ಧ: ಮಳೆನೀರು ತಡೆಯುವ ಹೊಲದ ಒಡ್ಡನ್ನು ಒಡೆಯುವ ಮುನ್ನ, ಅದನ್ನು ಹಾಕಿದವನಿಗೆ ಯಾವ ನೀರಿನ ಭಯವಿತ್ತು ಎಂದು ಕೇಳು. ಇದರ ಮೇಲೆ ನಾನು ನಲವತ್ತು ಪುಟ ಬರೆದಿದ್ದೆ. ಅಂಟು ಕಪ್ಪುಮಣ್ಣಿನ ಎರೆಹೊಲದಲ್ಲಿ ಮಳೆಗೆ ನೆನೆಯುತ್ತ ನಿಂತ ಮಾಸ್ತರರಿಗೆ ಜ್ಞಾನೋದಯವಾಯಿತು ಎಂದು ಒಂದು ದೃಶ್ಯವನ್ನೂ ಕಟ್ಟಿದ್ದೆ. ಓದಿದಾಗೆಲ್ಲ ನನಗೇ ಮೈ ಜುಮ್ಮೆನ್ನುತ್ತಿತ್ತು.

ಇನ್ನು ಬೇಕಿದ್ದದ್ದು ಅವರ ಪತ್ರಗಳ ಟ್ರಂಕು. ಅದಿಲ್ಲದೆ ಪುಸ್ತಕ ಮುಗಿಯುವಂತಿರಲಿಲ್ಲ. ಕೀಲಿಯೋ ಅವರ ಪತ್ನಿ ಹಂಪಮ್ಮನವರ ಸೊಂಟದಲ್ಲಿತ್ತು. ಬರೆದದ್ದನ್ನು ಓದಿ ಹೇಳಿದ ಮೇಲೆಯೇ ಕೀಲಿ ಎಂದು ಅವರು ಮೊದಲೇ ತಿಳಿಸಿದ್ದರು. ಬೆಳಗಿನ ಬಸ್ಸು ಹಿಡಿದು ಕುಷ್ಟಗಿಗೆ ಹೋದೆ. ಹಂಪಮ್ಮನವರು ಕಡಲೆ ಹಸನು ಮಾಡುತ್ತ ಕುಳಿತರು, ನಾನು ಧ್ವನಿ ಏರಿಸಿ ಓದಿದೆ. ಜ್ಞಾನೋದಯದ ಜಾಗ ಬಂದಾಗ ಅವರ ಕೈಯಲ್ಲಿದ್ದ ಮೊರ ನಿಂತಿತು.

"ಎರಿ ಹೊಲದಾಗ? ಮಳ್ಯಾಗ? ಇವರು?" ಎಂದವರೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕಾಲಿಗೆ ಎರಿ ಅಂಟತೈತಂತ ಇವರು ಹೊಲದ ಕಡೆ ತಲಿ ಹಾಕಿ ಮಲಗಿದವರಲ್ಲರಿ!"

ಆಮೇಲೆ ಒಂದೊಂದೇ ಹೊರಬಿತ್ತು. ಟ್ರ್ಯಾಕ್ಟರ್ ತಿರುಗಲು ಅಡ್ಡಿ ಎಂದು ಹೊಲದ ನಡುವಿನ ಒಡ್ಡು ಕೆಡವಲು ಹೊರಟವರು ಸಾಕ್ಷಾತ್ ಮಾಸ್ತರರೇ! ಬುತ್ತಿ ಹೊತ್ತು ದಿನವೂ ಹೊಲಕ್ಕೆ ಹೋಗುತ್ತಿದ್ದ ಹಂಪಮ್ಮನವರು ತಡೆದಿದ್ದರು. "ಹಾಕಿದವರಿಗೇನು ಹುಚ್ಚು ಹಿಡಿದಿತ್ತೇನ್ರಿ, ಯಾವ ನೀರಿಗೆ ಅಂಜಿ ಹಾಕ್ಯಾರ ಮೊದಲ ಕೇಳ್ರಿ ಅಂದಿದ್ನಿ. ಮುಂದಿನ ವಾರ ನೋಡ್ತೀನಿ, ಪೇಪರಿನ್ಯಾಗ ಇವರ ಹೆಸರಲೇ ಬಂದೈತಿ!"

ನನ್ನ ನಲವತ್ತು ಪುಟ ನೀರುಪಾಲಾಯಿತು. ಆದರೂ ಸತ್ಯ ಸತ್ಯವೇ ಅಲ್ಲವೇ? "ಹಂಗಾದ್ರ ಪುಸ್ತಕದಾಗ ನಿಮ್ಮ ಹೆಸರು ಬರೀಬೇಕಲ್ರಿ, ಅಮ್ಮಾ" ಎಂದೆ. ಆ ಕ್ಷಣ ನನ್ನ ಬಗ್ಗೆ ನನಗೇ ಭಾರೀ ಗೌರವ ಹುಟ್ಟಿತು.

"ಪುಸ್ತಕದಾಗ ಬ್ಯಾಡ್ರಿ. ಇಷ್ಟು ವರ್ಷ ಹೆಂಗ ನಡಕೊಂತ ಬಂದೈತಿ, ಹಂಗ ನಡೀಲಿ. ಛಲೋ ನಿಂತದ್ದನ್ನ ಯಾಕ ಕೆಡವತೀರಿ?" ಎನ್ನುತ್ತ ಹಂಪಮ್ಮನವರು ಕೀಲಿ ಬಿಚ್ಚಿ ನನ್ನ ಕೈಗಿಟ್ಟರು.

ನಾನು ವಾದಿಸಬೇಕಿತ್ತು. ಹೆಣ್ಣುಮಕ್ಕಳ ದುಡಿಮೆಗೆ ಅವರದೇ ಹೆಸರು ಸಿಗಬೇಕೆಂದು ಪ್ರತಿ ವರ್ಷ ತರಗತಿಯಲ್ಲಿ ಗಂಟಲು ಹರಿದುಕೊಂಡವನು ನಾನು. "ಆತು ಬಿಡ್ರಿ, ನೀವು ಹೇಳಿದಂಗ" ಎಂದೆ. ನಲವತ್ತು ಪುಟ ತಿದ್ದುವುದು ತಪ್ಪಿತಲ್ಲ ಎಂಬ ಖುಷಿಗೆ ಕುಣಿಯುವುದೊಂದು ಬಾಕಿ. ಜನ ಬದಲಾವಣೆಯನ್ನು ಯಾಕೆ ವಿರೋಧಿಸುತ್ತಾರೆ ಎಂದು ತಿಳಿಯಲು ನನಗೆ ಆ ಟ್ರಂಕು ತೆರೆಯುವ ಅಗತ್ಯವೇ ಬೀಳಲಿಲ್ಲ.