ಒಳ್ಳೆ ಕೈ ಕಟ್ಟಿ ಹಾಕಿದ ಮೇಲೆ

ಪುತ್ತೂರು–ಸುಳ್ಯ ಬಸ್ಸು ಓಡಿಸುತ್ತಿದ್ದ ನನಗೆ ಪಾರ್ಶ್ವವಾಯು ಬಡಿದ ಮೇಲೆ ನಮ್ಮ ಮನೆಯಲ್ಲಿ ನಗುವಂಥದ್ದು ನಡೆಯುತ್ತಲೇ ಉಂಟು. ನಗಲಿಕ್ಕೆ ಬಾಯಿ ಅರ್ಧವೇ ತೆರೆಯುವುದು, ಅದು ಬೇರೆ ವಿಷಯ. ಗೇರು ಹಾಕುವ ಎಡಗೈ ಉಳಿಯಿತು, ಸ್ಟಿಯರಿಂಗಿನ ಬಲಗೈಯೂ ಬಲಗಾಲೂ ಹೋದವು. ಬಸ್ಸಿನ ಆಸೆ ಬಿಟ್ಟೆ. ಅನ್ನವನ್ನಾದರೂ ನನ್ನ ಬಲಗೈಯಲ್ಲಿ ಉಣ್ಣಬೇಕು, ಅಷ್ಟೇ. ಎಡಗೈಯಲ್ಲಿ ಉಣ್ಣಲು ಮನಸ್ಸು ಒಪ್ಪದೆ ಹೆಂಡತಿಯೇ ತಿನ್ನಿಸುತ್ತಿದ್ದಳು.

ಮಂಗನ ಪಾಠ

ವ್ಯಾಯಾಮ ಮಾಡಿಸಲು ಪುತ್ತೂರಿನಿಂದ ಬರುವ ಫಿಸಿಯೋ ಮೇಡಂ ಒಂದು ದಿನ ನನ್ನ ಎಡಗೈಗೆ ದಪ್ಪ ಬಟ್ಟೆಯ ಚೀಲ ತೊಡಿಸಿ ಕಟ್ಟಿದರು.

"ಅದು ಒಳ್ಳೆ ಕೈ ಮೇಡಂ!"

"ಅದಕ್ಕೇ ಕಟ್ಟುದು. ಒಳ್ಳೆ ಕೈ ಸುಮ್ಮನೆ ಕೂತರೆ ಸೋತ ಕೈ ಕೆಲಸ ಕಲಿಯುತ್ತದೆ. ಹೊರದೇಶದಲ್ಲಿ ಸಂಶೋಧನೆ ಆಗಿದೆ. ಮೊದಲು ಮಂಗಗಳಲ್ಲಿ ನೋಡಿದ್ದು."

ಹೆಂಡತಿಗೆ ಚಿಂತೆ ಶುರುವಾಯಿತು. "ಮಂಗ ಆದರೆ ಹೇಳಿದ್ದು ಕೇಳೀತು ಮೇಡಂ. ಇವರು ಕೇಳುದುಂಟಾ?"

ಎರಡನೇ ಕೈ

ಮರುದಿನ ಪಕ್ಕದ ಮನೆಯ ಅಕ್ಕ ಬಂದರು. ಚೀಲ ನೋಡಿ "ಅಯ್ಯೋ ದೇವರೇ" ಅಂದವರು ಮತ್ತೆ ನಿಲ್ಲಲೇ ಇಲ್ಲ. ಸಂಜೆಯೊಳಗೆ ನಮ್ಮ ಬೆಳ್ಳಾರೆ ಪೇಟೆಯಿಡೀ ಸುದ್ದಿ: ಇವನ ಎಡಗೈಯೂ ಬಿದ್ದಿತಂತೆ. ಜನ ಬ್ರೆಡ್ಡು, ಮುಸುಂಬಿ ಹಿಡಿದು ಬಂದರು. ತೊದಲುವ ನಾಲಗೆಯಲ್ಲಿ ಎಷ್ಟು ಜನರಿಗೆ ಸಂಶೋಧನೆ ವಿವರಿಸುವುದು? ಹಳೆ ಕಂಡಕ್ಟರ್ ಒಬ್ಬ ಬೆನ್ನು ತಟ್ಟಿ ಸಮಾಧಾನ ಹೇಳಿದ: "ಒಂದು ಕಾಲಾದರೂ ಉಂಟಲ್ಲ ಮಾರಾಯ!"

ಪಳಗಿದ ಕೈ

ಮೀನು ವ್ಯಾಪಾರದ ಬ್ಯಾರಿ ಗೆಳೆಯ ಬರುವುದು ಮಧ್ಯಾಹ್ನ ಊಟದ ಹೊತ್ತಿಗೆ. ನನ್ನ ಬಲಗೈ ಬಟ್ಟಲಿಡೀ ಅನ್ನದ ಹಿಂದೆ ಅಲೆಯುತ್ತಿತ್ತು. ಸಿಕ್ಕಿದ್ದು ಬಾಯಿಗೆ ಬರುವ ಮೊದಲೇ ಮಡಿಲಿಗೆ. ನನಗೆ ಅಳುವೇ ಬಂತು. ಅವನಿಗೆ ನೋಡಲಿಕ್ಕಾಗಲಿಲ್ಲ.

"ಎಂತ ಸಂಶೋಧನೆ ಮಾರಾಯ ಇದು, ಮನುಷ್ಯನನ್ನು ಉಪವಾಸ ಕೆಡವುದು!" ಅಂತ ಬೈದು ತಾನೇ ತಿನ್ನಿಸಿದ. ಮರುದಿನವೂ ಬಂದ. ಅದರ ಮರುದಿನವೂ.

ಮೇಡಂ ಬಂದಾಗ ಬಟ್ಟಲು ಖಾಲಿ. ಖುಷಿಯಿಂದ ನನ್ನ ಕೈ ಹಿಡಿದು ನೋಡಿದರು, ಬೆರಳು ಒಣಗಿತ್ತು. ಸಾರು ಇದ್ದದ್ದು ಗೆಳೆಯನ ಬೆರಳಲ್ಲಿ.

"ಹೊರದೇಶದವರಿಗೆ ಒಂದು ಗೊತ್ತಾಗಲಿಲ್ಲ," ಎಂದರು ಮೇಡಂ. "ನಮ್ಮ ಊರಲ್ಲಿ ಗೆಳೆಯನ ಕೈಯನ್ನೂ ಕಟ್ಟಬೇಕು."

ಉಪ್ಪು

ಅಂದಿನಿಂದ ನನಗೆ ಯಾರೂ ತಿನ್ನಿಸಬಾರದು ಅಂತ ಮೇಡಂ ಅಪ್ಪಣೆ. ಎಷ್ಟೋ ದಿನ ಅರ್ಧ ಹೊಟ್ಟೆಯಲ್ಲೇ ಎದ್ದೆ. ಸತ್ತಿದ್ದರೇ ಒಳ್ಳೆದಿತ್ತು ಅಂತಲೂ ಅನಿಸಿತು.

ಒಂದು ಮಧ್ಯಾಹ್ನ ಒಂದು ತುತ್ತು ಬಲಗೈಯಲ್ಲಿ ಏರುತ್ತ ಏರುತ್ತ ಬಾಯಿಗೇ ಬಂತು. ಹೆಂಡತಿ ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದಳು. ತಿನ್ನಿಸುವವರ ಎದುರು ರುಚಿಯ ಮಾತು ಎತ್ತುವ ಹಾಗಿಲ್ಲವಲ್ಲ, ತಿಂಗಳುಗಟ್ಟಲೆ ಕೊಟ್ಟದ್ದನ್ನು ನುಂಗಿದ್ದೆ. ಇದು ನನ್ನ ಕೈಯ ತುತ್ತು.

"ಸಾರಿಗೆ ಉಪ್ಪೇ ಇಲ್ಲವಲ್ಲ ಮಾರಾಯ್ತಿ!"

ಅವಳು ನಿಜವಾಗಿಯೂ ಮರೆತಿದ್ದಳು. ಅಳುತ್ತ ಪಕ್ಕದ ಮನೆಗೆ ಓಡಿದಳು: "ಅಕ್ಕಾ, ಇವರು ಉಪ್ಪಿಲ್ಲ ಅಂತ ಬೈದರು!" ಖುಷಿಗೆ ಮುಂದಿನ ಮಾತೇ ಹೊರಡಲಿಲ್ಲವಂತೆ.

ಸಂಜೆಯೊಳಗೆ ಬೆಳ್ಳಾರೆಗೆಲ್ಲ ಗೊತ್ತು: ಪಾಪ, ಈಗ ನಾಲಗೆಯ ರುಚಿಯೂ ಹೋಯಿತಂತೆ. ಪುನಃ ಜನ, ಪುನಃ ಮುಸುಂಬಿ. ಒಂದೊಂದನ್ನೂ ನಾನು ಬಲಗೈ ಚಾಚಿಯೇ ತೆಗೆದುಕೊಂಡೆ. ಒಬ್ಬನಾದರೂ ಕೈ ನೋಡಬೇಕಲ್ಲ ಮಾರಾಯ್ರೆ! ಬಂದವರಿಗೆಲ್ಲ ನಾಲಗೆ ತೋರಿಸಿದ್ದೇ ಆಯಿತು.