ಇಸ್ವಾಣದ ಜೊತೆ ನೋಡಿದ ರೌಡಿ ಚಿತ್ರ

ಕಾರವಾರದ ಆ ಹಳೆಯ ಟಾಕೀಸು ಈಗಿಲ್ಲ. ಅಲ್ಲಿ ನಾನು ಕೊನೆಯದಾಗಿ ನೋಡಿದ ಚಿತ್ರದ ಬಗ್ಗೆ ನನ್ನ ಅಭಿಪ್ರಾಯ ಒಳ್ಳೆಯದೇ ಇದೆ. ಕಂಡದ್ದನ್ನು ಕಂಡ ಹಾಗೆ, ನಿಧಾನವಾಗಿ ಹೇಳುತ್ತೇನೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ತಂಗಿ ಶೋಭಾಳ ಗಂಡ, ಚೆಂಡಿಯಾ ಊರಿನ ಭಾವ, ಮದುವೆಯ ನಂತರ ಮೊದಲ ಸಲ ಅಂಕೋಲೆಯ ನಮ್ಮ ಮನೆಗೆ ಊಟಕ್ಕೆ ಬರುವವರಿದ್ದರು. ನಮ್ಮಲ್ಲಿ ಹೊಸ ಅಳಿಯನ ತಟ್ಟೆಗೆ ದೊಡ್ಡ ಮೀನು ಬೀಳಲೇಬೇಕು. ಬೀಳದಿದ್ದರೆ ಮಗಳು ಗಂಡನ ಮನೆಯಲ್ಲಿ ವರ್ಷವಿಡೀ ಮಾತು ಕೇಳಬೇಕು. ನಾನಾಗ ಕಾರವಾರದಲ್ಲಿ ಗುಮಾಸ್ತ. ಅಂದು ಶನಿವಾರ, ಅರ್ಧ ದಿನವಷ್ಟೇ ಕೆಲಸ. ಅಮ್ಮ ಬೆಳಿಗ್ಗೆಯೇ ಹೇಳಿದ್ದಳು: “ಇಸ್ವಾಣ ತಕಂಡು ಸೀದಾ ಬಸ್ ಹತ್ತು, ತಮಾ. ಶೋಭಾನ ಮರ್ಯಾದಿ ನಿನ್ ಕೈಲದೆ.”

ಮೀನುಪೇಟೆಯಲ್ಲಿ ಥಳಥಳಿಸುವ ಇಸ್ವಾಣವೇ ಸಿಕ್ಕಿತು. ಮೀನಿನವಳು ಚೀಲಕ್ಕೆ ಐಸು ಸುರಿದುಕೊಟ್ಟಳು. ಬಸ್ಸಿಗೆ ಹೋಗುವ ದಾರಿಯಲ್ಲೇ ಟಾಕೀಸು. ಪೋಸ್ಟರಿನಲ್ಲಿ ಕರಿ ಕೋಟಿನ ನಾಯಕ ಮಳೆಯಲ್ಲಿ ನಿಂತಿದ್ದ. ಊಟ ರಾತ್ರಿಗೆ, ಐಸು ಧಾರಾಳ, ಚಿತ್ರ ಎಷ್ಟು ಹೊತ್ತಿನದು ಮಹಾ! ಚೀಲವನ್ನು ಕುರ್ಚಿಯ ಕೆಳಗೆ ತಳ್ಳಿ ಕುಳಿತೆ.

ಚಿತ್ರದಲ್ಲಿ ಕತೆ ಕಡಿಮೆ. ಒಬ್ಬ ರೌಡಿ ಇನ್ನೊಬ್ಬನನ್ನು ಮುಗಿಸಬೇಕು. ಅದಕ್ಕೂ ಮೊದಲು ಇಬ್ಬರೂ ಬಹಳ ನಡೆಯುತ್ತಾರೆ. ಆದರೆ ಆ ನಡಿಗೆ! ಕೋಟಿನ ಅಂಚು ಹಾರುವುದು, ಹೊಗೆಯೊಳಗಿಂದ ಮುಖ ಮೂಡುವುದು, ಆ ನೀಲಿ ಬೆಳಕು. ನಾಯಕ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರೆ ಇಡೀ ಟಾಕೀಸು ಉಸಿರು ಬಿಗಿಹಿಡಿಯುತ್ತಿತ್ತು. ನಾಯಕ ನಿಧಾನವಾಗಿ ನಡೆದಷ್ಟೂ ನನ್ನ ಮೀನು ವೇಗವಾಗಿ ಹಾಳಾಗುತ್ತಿತ್ತು. ವಿರಾಮದಲ್ಲಿ ಹೊರಡುವುದೆಂದು ನಿರ್ಧರಿಸಿದೆ. ಸರಿಯಾಗಿ ಆಗಲೇ ಎದುರಾಳಿ ಅವನ ಎದೆಗೆ ಪಿಸ್ತೂಲು ಗುರಿಯಿಡಬೇಕೇ? ಹಾಗೆ ಬಿಟ್ಟು ಹೋಗಲಾದೀತೇ?

ಟಾಕೀಸಿನ ನೆಲ ಪರದೆಯ ಕಡೆಗೆ ಇಳಿಜಾರು. ಇದನ್ನು ನಾನು ಗಮನಿಸಿದ್ದು ತಡವಾಗಿ. ಕೊನೆಯ ಕಾಳಗದಲ್ಲಿ ಗುಂಡು ಹಾರಿದ ಮರುಕ್ಷಣ ಮುಂದಿನ ಸಾಲಿನವರು ಕಾಲು ಮೇಲೆತ್ತಿಕೊಂಡರು. ಆಮೇಲೆ ಅವರ ಮುಂದಿನವರು. ಯಾರೋ ಬೆಂಕಿಕಡ್ಡಿ ಗೀರಿ ನೋಡಿ, ಮೆಲ್ಲಗೆ, “ರಕ್ತ” ಎಂದರು. ಕೂಗಿದ್ದರೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಚಿತ್ರ ನಿಂತಿತು. ದೀಪ ಹತ್ತಿತು. ಗೇಟಿನವನು ಕೆಂಪು ನೀರಿನ ಜಾಡು ಹಿಡಿದು ಒಂದೊಂದೇ ಸಾಲು ಹತ್ತಿ ಬಂದು ನನ್ನೆದುರು ನಿಂತ. ಬಗ್ಗಿ ಚೀಲ ಬಿಚ್ಚಿದ.

“ಸತ್ತು ಭಾಳ ಹೊತ್ತಾಯ್ತು, ಮಾರಾಯಾ,” ಎಂದ. “ಎತ್ಕಂಡು ನಡೆ.”

ಮನೆಯಲ್ಲಿ ಅಮ್ಮ ಮೀನನ್ನು ಬೆರಳಿನಿಂದ ಒತ್ತಿದಳು. ಒತ್ತಿದ ಗುಳಿ ಮೇಲೇಳಲಿಲ್ಲ. ಅದನ್ನು ತೆಂಗಿನ ಬುಡದಲ್ಲಿ ಹೂತಳು. ರಾತ್ರಿ ಭಾವ ತಟ್ಟೆಯಲ್ಲಿದ್ದ ಮೊಟ್ಟೆಯನ್ನು ನೋಡಿದರು, ಶೋಭಾಳನ್ನು ನೋಡಿದರು. ಅವಳು ತಲೆ ತಗ್ಗಿಸಿದಳು. ತಡೆಯಲಾರದೆ ನಾನು ಚಿತ್ರಕ್ಕೆ ಹೋಗಿ ಮೀನು ಕೆಡಿಸಿದ್ದನ್ನು ಹೇಳಿಬಿಟ್ಟೆ. ಗೇಟಿನವನು ಹೊರಗೆ ಹಾಕಿದ್ದನ್ನು ಮಾತ್ರ ಬಿಟ್ಟೆ.

ಭಾವ ಮೊಟ್ಟೆಯನ್ನು ಎರಡು ಹೋಳು ಮಾಡಿದರು. “ಮೀನು ಹೋಗ್ಲಿ. ಪಿಚ್ಚರ್ ಹೆಂಗದೆ?”

ನಾನು ಕತೆ ಹೇಳಿದೆ. ಎದ್ದು ನಿಂತು, ಹೆಗಲಿಗೆ ಟವೆಲು ಹೊದ್ದು, ಜಗಲಿಯ ತುದಿಯಿಂದ ತುದಿಗೆ ನಡೆದೂ ತೋರಿಸಿದೆ. ಭಾವ ಮೊಟ್ಟೆ ಸಾರನ್ನು ಮತ್ತೆ ಹಾಕಿಸಿಕೊಂಡರು. ಶೋಭಾ ನಕ್ಕಳು. ಮರ್ಯಾದೆ ಉಳಿಯಿತು! ಅಲ್ಲಿಗೇ ನಿಲ್ಲಿಸಬೇಕಿತ್ತು. ಕೊನೆಗೆ ಏನಾಗುತ್ತದೆ ಎಂದು ಭಾವ ಕೇಳಿದರು. ಅದು ನನಗೂ ಗೊತ್ತಿರಲಿಲ್ಲ. ಆದರೆ ಸಭೆ ಕಾಯುತ್ತಿತ್ತು. ನಾಯಕನನ್ನು ನಾಯಕಿಯ ತೊಡೆಯ ಮೇಲೆ ಮಲಗಿಸಿ, ಮಳೆ ಸುರಿಸಿ, ಕೊಂದುಬಿಟ್ಟೆ.

ಮರುದಿನ ಭಾವ ಹೆಂಡತಿಯನ್ನು ಅದೇ ಚಿತ್ರಕ್ಕೆ ಕರೆದುಕೊಂಡು ಹೋದರು. ಸಂಜೆ ಶೋಭಾಳ ಫೋನು ಬಂತು.

“ಅಣ್ಣಾ, ಅಂವ ಸಾಯೂದೇ ಇಲ್ಲ, ಅದೇ ನಾಯಕಿನ ಮದಿ ಆಗ್ತ. ಇವ್ರು ಮಾತ್ರ ಕಡೀವರಿಗೂ ಕರ್ಚೀಫು ಹಿಡ್ಕಂಡೇ ಕುಂತಿದ್ರು.”

ಅಂದಿನಿಂದ ನಾನು ಯಾವ ಚಿತ್ರವನ್ನು ಹೊಗಳಿದರೂ ಭಾವ ಬಹಳ ಗೌರವದಿಂದ ಒಂದೇ ಮಾತು ಕೇಳುತ್ತಾರೆ.

“ಪೂರಾ ನೋಡಿದ್ರಾ, ಭಾವಾ?”