ಮಂಜೂರಾತಿ ಇಲ್ಲದೆ ವಾಸಿಯಾದ ಸೊಂಟ

ಸುರಪುರದ ರಂಗಂಪೇಟೆಯ ಪರ್ಯಾಯ ಚಿಕಿತ್ಸಾ ಸಮನ್ವಯ ಕಚೇರಿಯ ಗುಮಾಸ್ತ ಪಂಪಣ್ಣನಿಗೆ ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಕಪಾಟಿನ ಕೆಳಗಿನ ಅರೆಯಿಂದ ಫೈಲು ಎತ್ತುವಾಗ, ಸೊಂಟ ಹಿಡಿಯಿತೆಂದು ಈ ಮೂಲಕ ತಿಳಿಯಪಡಿಸಲಾಗಿದೆ.

ಇಂಥ ಸಂದರ್ಭಕ್ಕೆ ನಿಯಮವಿತ್ತು. ಸಿಬ್ಬಂದಿಯ ಕಾಯಿಲೆಗೆ ಆಯುರ್ವೇದ, ಯುನಾನಿ, ಹೋಮಿಯೋಪತಿ, ಯೋಗ ಈ ನಾಲ್ಕೂ ಪದ್ಧತಿಯವರು ಒಂದೇ ಕಾರಣ ಬರೆದುಕೊಟ್ಟರೆ ಮಾತ್ರ ಚಿಕಿತ್ಸೆ. ಅಲ್ಲಿಯವರೆಗೆ ರಜೆಯೂ ಇಲ್ಲ. ನಿಯಮ ಬರೆದವನು ಪಂಪಣ್ಣನೇ. ಬೇರೆಯವರ ಸೊಂಟ ನೋಯುತ್ತಿದ್ದ ಕಾಲದಲ್ಲಿ ಅದು ಅವನಿಗೆ ಬಹಳ ನ್ಯಾಯವಾಗಿ ಕಂಡಿತ್ತು.

ಬಾಗಿಕೊಂಡೇ ಹೊರಟ. ಆಯುರ್ವೇದದ ಗುರಪ್ಪ ನಾಡಿ ಹಿಡಿದು ವಾತವೆಂದರು. ಯುನಾನಿಯ ಫರ್ಹೀನ್ ಅದೇ ನಾಡಿ ಹಿಡಿದು ಕಫವೆಂದರು. ಹೋಮಿಯೋಪತಿಯ ಸಾಯಿಕುಮಾರ ಸೊಂಟದ ಗೊಡವೆಗೇ ಹೋಗದೆ, "ಸಣ್ಣವರಿದ್ದಾಗ ಕತ್ತಲಿಗಿ ಅಂಜ್ತಿದ್ರೇನ್ರಿ?" ಎಂದು ಕೇಳಿದರು. ಹೌದೆಂದದ್ದಕ್ಕೆ ಅಂಜಿಕೆಯೇ ಕಾರಣವೆಂದು ಬರೆದರು. ಯೋಗದ ಮಹೇಶಕುಮಾರ ಅವನನ್ನು ಬಾಗಿಲಲ್ಲೇ ತಡೆದು, "ಈ ಆಸನ ಯಾರ್ ಕಲಿಸ್ಯಾರ್ರಿ? ಭಾಳ ಚಂದ ಬಂದದ!" ಎಂದರು, ಆಮೇಲೆ ಉಸಿರಾಟದ ದೋಷವೆಂದು ಷರಾ ಹಾಕಿದರು.

ನಾಲ್ಕು ಕಾರಣಗಳನ್ನು ಒಂದು ಮಾಡಲು ಉಪಸಮಿತಿ ರಚನೆಯಾಯಿತು. ಒಬ್ಬರ ಷರಾ ಇನ್ನೊಬ್ಬರಿಗೆ ಮುಟ್ಟಿಸುತ್ತ ಪಂಪಣ್ಣ ಹತ್ತು ದಿನ ಸುರಪುರದ ಏರುದಾರಿ ತುಳಿದ. ಹನ್ನೊಂದನೆಯ ದಿನ ಬಚ್ಚಲಿನಿಂದ ನೆಟ್ಟಗೆ ಹೊರಬಂದ.

"ಆರಾಮ್ ಆತೇನ್ರಿ? ಯಾರ ಔಷಧ ಹತ್ತಿತು?" ಹೆಂಡತಿ ದೇವಕ್ಕ ಕೇಳಿದಳು.

"ಯಾರ್ದೂ ಅಲ್ಲ. ತಾನ ಹೋತು."

ಕುಣಿಯುವಷ್ಟು ಖುಷಿಯಲ್ಲಿ ಕಚೇರಿಗೆ ಬಂದ. ಅಧಿಕಾರಿ ಉಮಾಶ್ರೀ ಫೈಲು ತಿರುವಿದರು.

"ಪಂಪಣ್ಣ, 'ತಾನ ಹೋತು' ಅನ್ನೋದು ಯಾವ ಪದ್ಧತಿ ಒಳಗ ಬರ್ತದ?"

"ಯಾವುದ್ರಾಗೂ ಬರಂಗಿಲ್ರಿ, ಮೇಡಂ."

"ನೀವ ಬರ್ದಿರೋ ಏಳನೇ ನಿಯಮ ಓದ್ರಿ."

ಓದಿದ: "ಚಿಕಿತ್ಸೆ ಮಂಜೂರಾಗುವ ಮುನ್ನ ಯಾರೂ ಗುಣಮುಖರಾಗತಕ್ಕದ್ದಲ್ಲ." ಭಾಷೆ ಎಷ್ಟು ಬಿಗಿಯಾಗಿತ್ತೆಂದರೆ, ಪಂಪಣ್ಣನಿಗೆ ತನ್ನ ಮೇಲೆಯೇ ಅಭಿಮಾನ ಉಕ್ಕಿತು. ಅಲ್ಲೇ ಬಾಗಿದ.

"ಇನ್ನೊಂದೀಟು ಬಾಗ್ರಿ," ಎಂದರು ಉಮಾಶ್ರೀ. "ಹಾಂ, ಸಾಕ್."

ಉಪಸಮಿತಿಯ ತೀರ್ಮಾನ ಇನ್ನೂ ಬಂದಿಲ್ಲ. ಕಚೇರಿ ವೇಳೆಯಲ್ಲಿ ಪಂಪಣ್ಣ ಬಾಗಿಯೇ ಓಡಾಡುತ್ತಾನೆ. ಮೈಮರೆತು ನೆಟ್ಟಗಾದರೆ ಸಹೋದ್ಯೋಗಿಗಳು ಮೆಲ್ಲಗೆ ಕೆಮ್ಮುತ್ತಾರೆ. ಬಾಗಿ ಬಾಗಿ, ಕಳೆದ ವಾರದಿಂದ ಸೊಂಟ ಮತ್ತೆ ನಿಜವಾಗಿಯೂ ನೋಯತೊಡಗಿದೆ. ಫೈಲು ಸರಿಹೋಯಿತೆಂದು ಕಚೇರಿಗೆಲ್ಲ ಸಮಾಧಾನ. ಪಂಪಣ್ಣನಿಗೂ ಸಮಾಧಾನವೇ.